ಶಿಕ್ಷಕರ ಅರ್ಹತಾ ಪರೀಕ್ಷೆಯ (ಟಿಇಟಿ) ಅಣಕು ಪರೀಕ್ಷೆಯ ವೇಳಾಪಟ್ಟಿ ಹಾಗೂ ಮೌಲ್ಯಮಾಪನದ ಲೋಪಗಳ ಕುರಿತು ದೂರು

ಇಂದ:
ನೋಂದಾಯಿತ ಅಭ್ಯರ್ಥಿ, ಉಡುಪಿ

ಗೆ:
ಕುಂದುಕೊರತೆ ಅಧಿಕಾರಿಗಳು,
ಅಣಕು ಪರೀಕ್ಷಾ ವಿಭಾಗ, ಮಂಗಳೂರು

ವಿಷಯ: ಕೊನೆಯ ಗಳಿಗೆಯಲ್ಲಿ ಪರೀಕ್ಷಾ ಕೇಂದ್ರ ಮತ್ತು ಸಮಯ ಬದಲಿಸಿ, ಪತ್ರಿಕೆ 2ಕ್ಕೆ ಗೈರುಹಾಜರೆಂದು ದಾಖಲಿಸಿ, ಪತ್ರಿಕೆ 1ರಲ್ಲಿ ನಿಯಮಬಾಹಿರವಾಗಿ ಅಂಕ ಕಡಿತ ಮಾಡಿರುವ ಬಗ್ಗೆ.

ಮಾನ್ಯರೇ,

ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ (ಡಿ.ಎಲ್.ಇಡಿ.) ಹಾಗೂ ಪದವಿ ಮುಗಿಸಿ ಅತಿಥಿ ಶಿಕ್ಷಕಿಯಾಗಿ ಕೆಲಸ ಮಾಡುತ್ತಿರುವ ನಾನು, ಕರ್ನಾಟಕ ಶಿಕ್ಷಕರ ಅರ್ಹತಾ ಪರೀಕ್ಷೆಯ ಸಿದ್ಧತೆಗಾಗಿ ತಮ್ಮ ಜಾಲತಾಣದ ಮೂಲಕ ₹800 ಪಾವತಿಸಿ, ಎರಡೂ ಪತ್ರಿಕೆಗಳ ಅಣಕು ಪರೀಕ್ಷೆಗೆ ನೋಂದಾಯಿಸಿಕೊಂಡಿದ್ದೆ. ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ಉಚಿತವಾಗಿ ಬರೆಯಬಹುದಾದ ಅಣಕು ಪರೀಕ್ಷೆಗಳು ಬೇಕಾದಷ್ಟಿದ್ದರೂ ತಮ್ಮಲ್ಲಿಗೆ ಬಂದದ್ದಕ್ಕೆ ಕಾರಣವಿತ್ತು. ನಿಜವಾದ ಪರೀಕ್ಷೆಯಂತೆಯೇ ಬೆಳಿಗ್ಗೆ 9.30ರಿಂದ 12ರವರೆಗೆ ಒಂದು ಪತ್ರಿಕೆ, ಮಧ್ಯಾಹ್ನ 2ರಿಂದ 4.30ರವರೆಗೆ ಇನ್ನೊಂದು, ಎರಡನ್ನೂ ಉತ್ತರದ ವೃತ್ತ ತುಂಬುವ ಒಎಂಆರ್ ಹಾಳೆಯ ಮೇಲೆ ಬರೆಸುತ್ತೇವೆ ಎಂದು ತಾವು ಪ್ರಕಟಣೆಯಲ್ಲಿ ಹೇಳಿದ್ದಿರಿ.

ನಾನು ಆಯ್ದುಕೊಂಡದ್ದು ಉಡುಪಿ ಕೇಂದ್ರವನ್ನು. ಪರೀಕ್ಷೆಯ ಹಿಂದಿನ ದಿನ, ಶನಿವಾರ ರಾತ್ರಿ ಹತ್ತು ಗಂಟೆಯ ನಂತರ ಬಂದ ಕಿರುಸಂದೇಶದಲ್ಲಿ, ಉಡುಪಿ ಕೇಂದ್ರ ರದ್ದಾಗಿದೆ, ಮಂಗಳೂರಿನ ಹಂಪನಕಟ್ಟೆಯ ಕೇಂದ್ರಕ್ಕೆ ಹಾಜರಾಗತಕ್ಕದ್ದು, ಪತ್ರಿಕೆ 2 ಬೆಳಿಗ್ಗೆ 11ಕ್ಕೆ ಆರಂಭವಾಗುತ್ತದೆ ಎಂದಿತ್ತು. ಪತ್ರಿಕೆ 1 ಮುಗಿಯುವುದೇ 12ಕ್ಕೆ ಎಂದ ಮೇಲೆ, 11ಕ್ಕೆ ಅದೇ ಅಭ್ಯರ್ಥಿ ಇನ್ನೊಂದು ಕೊಠಡಿಯಲ್ಲಿ ಹೇಗೆ ಕುಳಿತಿರಬೇಕು ಎಂಬುದನ್ನು ವೇಳಾಪಟ್ಟಿ ತಯಾರಿಸಿದವರು ಒಮ್ಮೆಯಾದರೂ ಯೋಚಿಸಿದಂತೆ ಕಾಣುವುದಿಲ್ಲ. ಸಹಾಯವಾಣಿಗೆ ಕರೆ ಮಾಡಿದರೆ, ಕಚೇರಿಯ ವೇಳೆಯಲ್ಲಿ ಸಂಪರ್ಕಿಸಿ ಎಂಬ ಧ್ವನಿಮುದ್ರಿತ ಉತ್ತರವಷ್ಟೇ ಸಿಕ್ಕಿತು.

ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸು ಹಿಡಿದರೂ ಮಂಗಳೂರು ತಲುಪಲು ಒಂದೂವರೆ ಗಂಟೆ ಬೇಕು; ಕೂಳೂರು ಸೇತುವೆಯ ಬಳಿ ವಾಹನಗಳು ಸಾಲುಗಟ್ಟಿದರೆ ಆ ಲೆಕ್ಕವೂ ತಪ್ಪುತ್ತದೆ. ಬೈಂದೂರು, ಶಿರೂರು ಕಡೆಯ ಅಭ್ಯರ್ಥಿಗಳ ಪಾಡು ಇನ್ನೂ ಕಷ್ಟದ್ದು. ಹೇಗೋ ಸಮಯಕ್ಕೆ ಸರಿಯಾಗಿ ತಲುಪಿ ವಿಚಾರಿಸಿದಾಗ, ತಮ್ಮ ಮೇಲ್ವಿಚಾರಕರು, "ಮೊದಲನೇದನ್ನು ಬೇಗ ಮುಗಿಸಿ ಬನ್ನಿ ಮೇಡಂ, ಅಣಕು ಪರೀಕ್ಷೆ ತಾನೇ" ಎಂದರು. ನಾನು ಪತ್ರಿಕೆ 1ನ್ನು ಪೂರ್ಣಾವಧಿಗೆ ಬರೆದು ಹೊರಬಂದಾಗ, ಪತ್ರಿಕೆ 2ರ ಕೊಠಡಿಗೆ ತಡವಾಯಿತೆಂದು ಪ್ರವೇಶ ನಿರಾಕರಿಸಿದರು. ಈಗ ನನ್ನ ಖಾತೆಯಲ್ಲಿ ಪತ್ರಿಕೆ 2ರ ಎದುರು "ಗೈರುಹಾಜರು, ಶುಲ್ಕ ಮರುಪಾವತಿ ಇಲ್ಲ" ಎಂದು ತೋರಿಸುತ್ತಿದ್ದು, ಬೇರೆ ದಿನಾಂಕ ಆರಿಸಿಕೊಳ್ಳಬೇಕಾದರೆ ಮರುನಿಗದಿ ಶುಲ್ಕವನ್ನು ಪ್ರತ್ಯೇಕವಾಗಿ ಕಟ್ಟುವಂತೆ ಸೂಚಿಸಲಾಗುತ್ತಿದೆ.

ಇದಕ್ಕಿಂತ ಗಂಭೀರವಾದದ್ದು ಪತ್ರಿಕೆ 1ರ ಫಲಿತಾಂಶ. 150 ಪ್ರಶ್ನೆಗಳಲ್ಲಿ ನನ್ನ 91 ಉತ್ತರಗಳು ಸರಿಯೆಂದು ತಮ್ಮ ಅಂಕಪಟ್ಟಿಯೇ ಹೇಳುತ್ತದೆ. ಆದರೆ ಉಳಿದ 59 ತಪ್ಪು ಉತ್ತರಗಳಿಗೆ ತಲಾ ಕಾಲು ಅಂಕದಂತೆ 14.75 ಅಂಕ ಕಳೆದು, 76.25 ನೀಡಿ, "ಅನರ್ಹ" ಎಂದು ನಮೂದಿಸಲಾಗಿದೆ. ಟಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತವೇ ಇಲ್ಲ. ನನಗೆ ಅನ್ವಯಿಸುವ ಶೇ 60ರ ಮಿತಿಯಂತೆ 90 ಅಂಕ ಬಂದರೆ ಅರ್ಹತೆ ದೊರೆಯುತ್ತದೆ. ಇದು ಕೇವಲ ಕೂಡಿಸಿ ಕಳೆಯುವ ತಪ್ಪಲ್ಲ. ಕಡಿತವಿಲ್ಲದ ಪರೀಕ್ಷೆಯಲ್ಲಿ ಯಾವ ಪ್ರಶ್ನೆಯನ್ನೂ ಬಿಡದೆ, ಕೊನೆಯ ಹತ್ತು ನಿಮಿಷವನ್ನು ಗೊತ್ತಿಲ್ಲದ ಪ್ರಶ್ನೆಗಳಿಗೂ ಒಂದೊಂದು ವೃತ್ತ ತುಂಬಲು ಮೀಸಲಿಡಬೇಕೆಂಬುದು ಪ್ರತಿ ಅಭ್ಯರ್ಥಿಗೂ ತಿಳಿದಿರುವಾಗ, ತಮ್ಮ ಅಂಕಪಟ್ಟಿಯನ್ನು ನಂಬಿದವರು ಅನುಮಾನವಿರುವ ಪ್ರಶ್ನೆಗಳನ್ನು ಖಾಲಿ ಬಿಡುವ ರೂಢಿ ಮಾಡಿಕೊಂಡು, ನಿಜವಾದ ಪರೀಕ್ಷೆಯಲ್ಲಿ ಕೈಗೆ ಬರಬಹುದಾದ ಅಂಕಗಳನ್ನೂ ಕಳೆದುಕೊಳ್ಳುತ್ತಾರೆ. ಅಂಥ ಅಭ್ಯಾಸಕ್ಕಿಂತ ಅಭ್ಯಾಸವೇ ಇಲ್ಲದಿರುವುದು ಲೇಸು.

ಕೀ ಉತ್ತರಗಳನ್ನೂ ಯಾರೂ ಪರಿಶೀಲಿಸಿದಂತಿಲ್ಲ. ಅಗಲವಾದ ಲೋಟದ ನೀರನ್ನು ಕಿರಿದಾದ ಎತ್ತರದ ಲೋಟಕ್ಕೆ ಸುರಿದಾಗ ನೀರು ಹೆಚ್ಚಾಯಿತೆಂದು ಹೇಳುವ ಮಗು ಮನೋವಿಜ್ಞಾನಿ ಪಿಯಾಜೆ ಹೇಳಿದ ಬೌದ್ಧಿಕ ಬೆಳವಣಿಗೆಯ ಯಾವ ಹಂತದಲ್ಲಿದೆ ಎಂಬ ಪ್ರಶ್ನೆಗೆ, ತಮ್ಮ ಕೀ ಉತ್ತರ "ಮೂರ್ತ ಕಾರ್ಯಾಚರಣಾ ಹಂತ" ಎಂದಿದೆ. ಸರಿಯಾದ ಉತ್ತರ ಪೂರ್ವ ಕಾರ್ಯಾಚರಣಾ ಹಂತ ಎಂಬುದು ಶಿಶು ವಿಕಾಸದ ಯಾವ ಪಠ್ಯಪುಸ್ತಕ ತೆರೆದರೂ ಗೊತ್ತಾಗುತ್ತದೆ. ಆಕ್ಷೇಪಣೆ ಸಲ್ಲಿಸಲು ಜಾಲತಾಣದಲ್ಲಿ ಅವಕಾಶವನ್ನೇ ಕೊಟ್ಟಿಲ್ಲ.

ಆದ್ದರಿಂದ, ಪತ್ರಿಕೆ 2ರ "ಗೈರುಹಾಜರು" ದಾಖಲೆಯನ್ನು ತೆಗೆದುಹಾಕಿ, ಯಾವುದೇ ಹೆಚ್ಚುವರಿ ಶುಲ್ಕವಿಲ್ಲದೆ ಉಡುಪಿಯಲ್ಲೇ ಪರೀಕ್ಷೆ ಬರೆಯಲು ಅವಕಾಶ ನೀಡಬೇಕು. ಅದು ಸಾಧ್ಯವಿಲ್ಲದಿದ್ದಲ್ಲಿ ಆ ಪತ್ರಿಕೆಯ ಶುಲ್ಕವನ್ನು ನಾನು ಪಾವತಿಸಿದ ಖಾತೆಗೇ ಹಿಂದಿರುಗಿಸಬೇಕು. ಪತ್ರಿಕೆ 1ರ ಕೀ ಉತ್ತರಗಳನ್ನು ವಿಷಯ ತಜ್ಞರಿಂದ ಪರಿಶೀಲಿಸಿ, ಅಂಕ ಕಡಿತವಿಲ್ಲದೆ ಎಲ್ಲ ಅಭ್ಯರ್ಥಿಗಳ ಫಲಿತಾಂಶವನ್ನೂ ಮರುಪ್ರಕಟಿಸಬೇಕು. ಕೇಂದ್ರವನ್ನಾಗಲಿ ಸಮಯವನ್ನಾಗಲಿ ಬದಲಿಸುವುದಿದ್ದರೆ ಕನಿಷ್ಠ ಮೂರು ದಿನ ಮೊದಲು ತಿಳಿಸಬೇಕೆಂದೂ ಕೋರುತ್ತೇನೆ.

ಆನ್‌ಲೈನ್ ಮೂಲಕ ಸೇವೆ ಮಾರುವ ಸಂಸ್ಥೆಯ ಕುಂದುಕೊರತೆ ಅಧಿಕಾರಿಯು ದೂರಿಗೆ 48 ಗಂಟೆಯೊಳಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಪರಿಹರಿಸಬೇಕೆಂದು 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು ಹೇಳುತ್ತವೆ. ಆ ಅವಧಿಯೊಳಗೆ ಪರಿಹಾರ ದೊರೆಯದಿದ್ದರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಉಡುಪಿಯ ಜಿಲ್ಲಾ ಗ್ರಾಹಕ ಆಯೋಗದ ಮೊರೆ ಹೋಗುವುದು ನನಗೆ ಅನಿವಾರ್ಯವಾಗುತ್ತದೆ. ಶುಲ್ಕ ಪಾವತಿಯ ರಸೀದಿ, ಶನಿವಾರ ರಾತ್ರಿಯ ಕಿರುಸಂದೇಶ ಮತ್ತು ಅಂಕಪಟ್ಟಿಯ ಪ್ರತಿಗಳನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
(ಸಹಿ)
ಅಭ್ಯರ್ಥಿ, ಪತ್ರಿಕೆ 1 ಮತ್ತು 2
ಉಡುಪಿ