ಶನಿವಾರ ಸಂಜೆಯ ಗಾಡಿ

ಚಿ. ಬಸವರಾಜನಿಗೆ ಮುತ್ಯಾ ಮಾಡುವ ಆಶೀರ್ವಾದಗಳು.

ನಿನ್ನ ಕಾಗದವನ್ನು ನಿಮ್ಮವ್ವನಿಗೆ ಓದಿ ಹೇಳುವಾಗ ಒಂದು ಸಾಲು ನುಂಗಿಬಿಟ್ಟೆ. "ಕತ್ತಲೊಳಗ ಗುಂಡು ಹಾರಿಸಿದ ಮ್ಯಾಲೆ ಅವರು ಯಾರಂತ ಗೊತ್ತಾದರ ಏನ್ ಮಾಡೋದು, ಮುತ್ಯಾ?" ಉಳಿದದ್ದೆಲ್ಲ ಓದಿದೆ. ಚಳಿ, ಮೆಸ್ಸಿನ ಅನ್ನ, ನಾಗಾಲ್ಯಾಂಡಿನ ಆ ಮೋನ್ ಜಿಲ್ಲೆಯ ಕೆಸರು. ಅವಳು ನಕ್ಕಳು. ನನಗೆ ಆವತ್ತಿನಿಂದ ನಿದ್ದೆ ಸರಿಯಿಲ್ಲ.

ಓಟಿಂಗ್ ಊರಿನ ಹತ್ತಿರವೇ ಇದ್ದೀಯಂತೆ. 2021ರ ಡಿಸೆಂಬರ್ 4ರ ಸುದ್ದಿಯನ್ನು ಇಲ್ಲಿ ಕೂತು ಟಿವಿಯಲ್ಲಿ ನೋಡಿದವನು ನಾನು. ತಿರು ಕಡೆಯ ಕಲ್ಲಿದ್ದಲು ಗಣಿಯಿಂದ ಪಿಕಪ್ ಗಾಡಿಯಲ್ಲಿ ಮನೆಗೆ ಹೊರಟ ಕೂಲಿಯವರು. ಉಗ್ರರು ಬರುತ್ತಾರೆ ಅಂತ ಖಬರ್ ಇತ್ತು, ಸೈನಿಕರು ಹೊಂಚಿ ಕೂತಿದ್ದರು. ಇವರೇ ಉಗ್ರರು ಅಂತ ಹೊಡೆದ ಗುಂಡಿಗೆ ಆರು ಜನ ಹೋದರು. ಹುಡುಕಿಕೊಂಡು ಬಂದ ಊರವರು ಸಿಟ್ಟಿಗೆದ್ದ ಗಲಾಟೆಯಲ್ಲಿ ಇನ್ನೂ ಏಳು ಜನ, ಒಬ್ಬ ಜವಾನನೂ. ಮರುದಿನ ಮೋನ್‌ನಲ್ಲಿ ಮತ್ತೊಬ್ಬ. ಆವತ್ತು ಶನಿವಾರವಾಗಿತ್ತು. ನನ್ನ ತಲೆಯಲ್ಲಿ ಉಳಿದದ್ದು ಅದೊಂದೇ. ವಾರವಿಡೀ ದುಡಿದವರು ಭಾನುವಾರದ ಚರ್ಚಿಗೆ ಅಂತ ಶನಿವಾರ ಸಂಜೆ ಮನೆಗೆ ಬರುತ್ತಾರೆ, ಆ ಊರಿನ ಯಾವ ಕೂಸನ್ನು ಕೇಳಿದ್ದರೂ ಹೇಳುತ್ತಿತ್ತು. ಕೇಳುವಷ್ಟು ಬಳಕೆ ಇರಬೇಕಲ್ಲ.

ಹೀಗೆ ಬರೆಯಲು ನನಗೇನು ಹಕ್ಕಿದೆಯೋ ಕಾಣೆ. ನಾನು ಫೌಜಿನಲ್ಲಿ ಮಿಜೋ ಬೆಟ್ಟಕ್ಕೆ, ಅಂದರೆ ಈಗಿನ ಮಿಜೋರಾಮಿಗೆ ಹೋದಾಗ, ಬಂಡಾಯ ಎದ್ದಿದ್ದ ಐಜ್ವಾಲ್ ಮೇಲೆ ನಮ್ಮದೇ ವಿಮಾನಗಳು ದಾಳಿ ಮಾಡಿ ವರ್ಷ ತುಂಬಿರಲಿಲ್ಲ. 1967ರ ಜನವರಿಯಲ್ಲಿ ಹಳ್ಳಿ ಕೂಡಿಸುವ ಕೆಲಸ ಶುರುವಾಯಿತು. ಮೊದಲ ಸುತ್ತಿನಲ್ಲೇ 106 ಹಳ್ಳಿ ಎಬ್ಬಿಸಿ ರಸ್ತೆ ಬದಿಯ 18 ಜಾಗಕ್ಕೆ ತಂದರು. ಬಂಡಾಯದವರಿಗೆ ಅಕ್ಕಿ ಸಿಗಬಾರದು ಅನ್ನುವ ಲೆಕ್ಕ. ನಾವು ಹೋದ ಹಳ್ಳಿಯಲ್ಲಿ, ತಾವೇ ಬೇಡಿಕೊಂಡು ಹೊರಟಿದ್ದೇವೆ ಅಂತ ಹಿರಿಯನಿಂದ ಕಾಗದಕ್ಕೆ ಸಹಿ ಹಾಕಿಸಿದರು. ಲಾಟೀನು ಹಿಡಿದವನು ನಾನು. ಹೊರಲಾರದ ಭತ್ತ ಹಿಂದೆ ಉಳಿಯಿತು. ಅದಕ್ಕೆ ಕಡ್ಡಿ ಗೀರಿದವನೂ ನಾನೇ. ಭತ್ತ ಚಟಪಟ ಸಿಡಿದು ಬೆಳ್ಳಗೆ ಅರಳಿ ಹಾರುತ್ತಿತ್ತು. ಪಂಚಮಿಗೆ ಅಳ್ಳು ಹುರಿಯುವ ವಾಸನೆ, ಥೇಟ್ ಅದೇ. ಹಣೆಪಟ್ಟಿಗೆ ಬುಟ್ಟಿ ಜೋತುಹಾಕಿಕೊಂಡು ಹೊರಟಿದ್ದ ಮುದುಕಿಯೊಬ್ಬಳು ತಿರುಗಿ ನಿಂತು ನನ್ನ ಕೈಯಲ್ಲಿದ್ದ ಕಡ್ಡಿಪೆಟ್ಟಿಗೆ ನೋಡಿದಳು.

ಪಂಚಮಿಯ ದಿನ ನಾನು ಹೊಲಕ್ಕೆ ಎದ್ದು ಹೋಗುವುದು ಯಾಕೆ ಅಂತ ಮನೆಯಲ್ಲಿ ಯಾರೂ ಕೇಳಿಲ್ಲ. ನಿನಗೇ ಮೊದಲು ಬರೆಯುತ್ತಿದ್ದೇನೆ.

ಆಮೇಲೂ ಎರಡು ವರ್ಷ ಅಲ್ಲಿದ್ದೆ. ಹಾದಿ ಕೇಳಿದರೆ ಊರವರು ನಗುನಗುತ್ತಲೇ ತೋರಿಸುತ್ತಿದ್ದರು, ತಪ್ಪು ಹಾದಿ. ಒಬ್ಬನೂ ಒಂದು ಖಬರ್ ಕೊಡಲಿಲ್ಲ. ಯಾಕೆ ಕೊಟ್ಟಾರು? ಬಂಡಾಯದವರ ಜೊತೆ ಒಪ್ಪಂದ ಆಗಲು 1986ರ ಜೂನ್ ಬರಬೇಕಾಯಿತು. ಅಷ್ಟೊತ್ತಿಗೆ ನಾನು ಪೆನ್ಷನ್ ತಗೊಂಡು ಬಂದು ಇಲ್ಲಿ ಕಬ್ಬಿಗೆ ನೀರು ಹಾಯಿಸುತ್ತಿದ್ದೆ.

ನಾನು ಯಾರಿಗೂ ಗುಂಡು ಹೊಡೆಯಲಿಲ್ಲ. ಹೊಡೆದವನ ಸಂಕಟ ಗೊತ್ತು ಅಂದರೆ ಸುಳ್ಳಾದೀತು. ಕಡ್ಡಿ ಗೀರಿದ್ದಕ್ಕೇ ಇಷ್ಟು ವರ್ಷ, ಇನ್ನು ಅದು... ಬಿಡು.

ಯಾರಂತ ಗೊತ್ತಾದರೆ ಏನು ಮಾಡೋದು? ನನ್ನಲ್ಲಿ ಉತ್ತರವಿಲ್ಲಪ್ಪಾ. ಗುಂಡಿಗಿಂತ ಮೊದಲೇ ಗೊತ್ತಾಗಬೇಕು, ಅಷ್ಟೇ ತೋಚುತ್ತದೆ. ನಿಮ್ಮ ಸಾಹೇಬರ ಮುಂದೆ ನಿನ್ನ ಮಾತು ಎಷ್ಟು ನಡೆಯುತ್ತದೋ. ಆದರೂ ಅಲ್ಲಿಯವರ ಆಡುಮಾತು ನಾಗಾಮೀಸ್ ನಾಲ್ಕು ಮಾತು ಕಲಿ. ಊರ ಹಿರಿಯ ಗಾಂವ್‌ಬುಡಾನ ಮನೆಗೆ ಬರೀ ತಪಾಸಣೆಗೆ ಅಂತ ಹೋಗಬೇಡ, ಸುಮ್ಮನೆ ಕೂತು ಚಹಾ ಕುಡಿದು ಬಾ. ಮೆಡಿಕಲ್ ಕ್ಯಾಂಪು, ವಾಲಿಬಾಲ್ ಎಲ್ಲ ಒಳ್ಳೆಯದೇ, ಆದರೆ ಮಗನನ್ನು ಕಳಕೊಂಡ ಮನೆಯವರು ವಾಲಿಬಾಲ್ ನೋಡಿ ಮರೆಯುವುದಿಲ್ಲ. ಗಾಯ ಆದವನನ್ನು ಮೊದಲು ಎತ್ತು, ಹೆಸರು ಆಮೇಲೆ ಕೇಳು. ತಪ್ಪಾಗಿದ್ದರೆ ಆಗಿದೆ ಅಂತಲೇ ಬರೆಸು. ಸೈನ್ಯಕ್ಕೆ ವಿಶೇಷ ಅಧಿಕಾರ ಕೊಡುವ ಆಫ್‌ಸ್ಪಾ ಕಾಯ್ದೆ ಇರುವಲ್ಲಿ ಸೈನಿಕರ ಮೇಲೆ ದಿಲ್ಲಿಯ ಅನುಮತಿ ಇಲ್ಲದೆ ಕೇಸು ನಡೆಯುವುದಿಲ್ಲ, ಓಟಿಂಗ್ ಕೇಸೂ ಹಾಗೇ ನಿಂತಿತು. ಪಂಚಮಿ ಮಾತ್ರ ವರ್ಷಾ ಬರುತ್ತದೆ.

ಮುಂದಿನ ಕಾಗದದಲ್ಲಿ ಚಳಿಯ ಸುದ್ದಿ ಬೇಡ. ಶನಿವಾರ ಸಂಜೆ ಆ ರಸ್ತೆಯಲ್ಲಿ ಯಾರ್ಯಾರು ಹೋಗುತ್ತಾರೆ, ಗಾಡಿಯಲ್ಲಿ ಏನು ಮಾತಾಡಿಕೊಂಡು ಹೋಗುತ್ತಾರೆ, ಅದನ್ನು ಬರೆ. ನಿಮ್ಮವ್ವನಿಗೆ ಒಂದು ಸಾಲೂ ಬಿಡದೆ ಓದಿ ಹೇಳುತ್ತೇನೆ.

ನಿನ್ನ ಮುತ್ಯಾ