ಬಾವಿ ಚಪ್ಪರದ ಬಳ್ಳಿ ಕಡಿಸಬೇಡಿ

ವೊಡೊಂಗಾ, ಆಸ್ಟ್ರೇಲಿಯಾ
ಏಪ್ರಿಲ್ 14

ಪ್ರೀತಿಯ ಅಪ್ಪಾಜಿ, ಅವ್ವಾ,

ಇಬ್ಬರಿಗೂ ನಮಸ್ಕಾರ. ನಾನಿಲ್ಲಿ ಆರಾಮಾಗಿದ್ದೇನೆ. ಆಸ್ಪತ್ರೆಯಲ್ಲಿ ಈ ವಾರ ರಾತ್ರಿ ಪಾಳಿ ಇಲ್ಲ. ಅದಕ್ಕೇ ಕೂತು ಬರೆಯಲು ಹೊತ್ತು ಸಿಕ್ಕಿದೆ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಪ್ಪಾಜಿ, ಫೋನಿನಲ್ಲಿ ನೀವು "ಆಯ್ತು, ನೋಡೋಣ" ಅಂದು ಅವ್ವನ ಕೈಗೆ ಕೊಟ್ಟುಬಿಡುತ್ತೀರಿ. ಈ ವಿಷಯ ಹಾಗೆ ಮುಗಿಯಬಾರದು ಅಂತಲೇ ಈ ಪತ್ರ.

ಬಾವಿ ಹತ್ತಿರದ ಚಪ್ಪರದ ಗುಲಾಬಿ ದ್ರಾಕ್ಷಿ ಬಳ್ಳಿ ಕಡಿಸಿ, ಅಲ್ಲಿ ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಇನ್ನೊಂದು ಶೆಡ್ ಹಾಕಿಸುತ್ತೀರಿ ಎಂದು ಅವ್ವ ಹೋದ ವಾರ ಹೇಳಿದಳು. ಅದರಲ್ಲಿ ಬೀಜ ಜಾಸ್ತಿ, ಪೇಟೆಯಲ್ಲಿ ಯಾರೂ ಕೇಳುವುದಿಲ್ಲ, ಮಕ್ಕಳೂ ಊರಲ್ಲಿಲ್ಲ, ತಿನ್ನುವವರು ಯಾರು ಅಂದಿರಂತೆ. ಹೋದ ವರ್ಷ ಅಕಾಲದ ಮಳೆಗೆ ಅರ್ಧ ಮಣೂಕ ಕಪ್ಪಾಗಿದ್ದು ನನಗೂ ನೆನಪಿದೆ. ಶೆಡ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವ್ವ ಹೇಳಿದ ಮೂರನೇ ದಿನಕ್ಕೆ ನಾನು ರದರ್‌ಗ್ಲೆನ್ ಅನ್ನುವ ಊರಿಗೆ ಹೋಗಿ ಬಂದೆ. ಅಂದಿನಿಂದ ಆ ಬಳ್ಳಿ ನನ್ನ ತಲೆಯಿಂದ ಇಳಿದಿಲ್ಲ.

ರದರ್‌ಗ್ಲೆನ್‌ಗೆ ಇಲ್ಲಿಂದ ಕಾರಿನಲ್ಲಿ ಮುಕ್ಕಾಲು ಗಂಟೆಯೂ ಬೇಡ. ಮರ್ರೆ ನದಿಯ ದಕ್ಷಿಣಕ್ಕಿದೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಥೇಟ್ ನಮ್ಮ ತಿಕೋಟಾ ಕಡೆಯ ಬಿಸಿಲು. ಅಲ್ಲೊಂದು ತೋಟದಲ್ಲಿ ಕಟಾವು ಇನ್ನೂ ನಡೆದಿತ್ತು. ಗೊನೆಗಳನ್ನು ನೋಡಿದ್ದರೆ ನೀವು ಆಳುಗಳನ್ನು ಬೈಯುತ್ತಿದ್ದಿರಿ. ಕಾಳು ಸಣ್ಣವು, ಬಣ್ಣ ಹಳೇ ಇಟ್ಟಿಗೆಯ ಹಾಗೆ ಕಂದುಗೆಂಪು, ಮೈಯೆಲ್ಲ ಸುಕ್ಕು. ಬಳ್ಳಿಯ ಮೇಲೇ ಅರ್ಧ ಮಣೂಕ ಆಗಿಬಿಟ್ಟಿದ್ದವು. ಬೇಕೆಂದೇ ಹಾಗೆ ಬಿಡುತ್ತಾರೆ. ತೋಟದವರು ಒಂದು ಕಾಳು ಕಿತ್ತು ಕೈಗಿಟ್ಟರು. ಬಾಯಿಗೆ ಹಾಕಿಕೊಂಡೆ. ಅಪ್ಪಾಜಿ, ಅದೇ ವಾಸನೆ! ಬಾವಿಕಟ್ಟೆ ಮೇಲೆ ಕೂತು ಅಜ್ಜನ ಕೈಯಿಂದ ತಿನ್ನುತ್ತಿದ್ದೆವಲ್ಲ, ಅದೇ ಪನ್ನೀರಿನ ವಾಸನೆ. ಸ್ವಲ್ಪ ಹೊತ್ತು ನನಗೆ ಮಾತೇ ಬರಲಿಲ್ಲ.

ಈ ಹಣ್ಣಿಗೆ ಅಲ್ಲಿಯವರು ಬ್ರೌನ್ ಮಸ್ಕಟ್ ಅನ್ನುತ್ತಾರೆ. ಫ್ರಾನ್ಸಿನಲ್ಲಿ ಇದರ ಹೆಸರಿನ ಅರ್ಥ "ಸಣ್ಣ ಕಾಳಿನ ಕೆಂಪು ಮಸ್ಕಟ್". ಇದು ಬೀಜದಿಂದ ಹುಟ್ಟಿದ ಬೇರೆ ತಳಿಯಲ್ಲ. ಸಣ್ಣ ಕಾಳಿನ ಬಿಳಿ ಮಸ್ಕಟ್ ಅಂತ ಬಹಳ ಹಳೆಯ ತಳಿಯೊಂದಿದೆ, ಮೆಡಿಟರೇನಿಯನ್ ಕಡೆಯದು. ಅದರ ಬಳ್ಳಿಯಲ್ಲಿ ಯಾವುದೋ ಕಣ್ಣು ಬಣ್ಣ ಬದಲಿಸಿ ಚಿಗುರಿದೆ. ಜನ ಆ ಕಡ್ಡಿ ಉಳಿಸಿಕೊಂಡು ಬೆಳೆಸಿದ್ದಾರೆ. ಸಾಂಗ್ಲಿ ಕಡೆ ಥಾಮ್ಸನ್ ದ್ರಾಕ್ಷಿಯ ತೋಟದಲ್ಲಿ ತಾಸ್-ಎ-ಗಣೇಶ್ ತಳಿ ಸಿಕ್ಕಿತಲ್ಲ, ಹಾಗೇ. ಈ ತಳಿ ಈಗಲೂ ಬಣ್ಣದಲ್ಲಿ ಒಂದೇ ಕಡೆ ನಿಲ್ಲುವುದಿಲ್ಲವಂತೆ. ಒಂದೇ ಬಳ್ಳಿಯಲ್ಲಿ ಬಿಳಿ, ಗುಲಾಬಿ, ಕಂದು ಮೂರೂ ಕಾಣಿಸಿಕೊಳ್ಳುವುದುಂಟು.

ಆ ರಾತ್ರಿ ಮನೆಗೆ ಬಂದು ಓದುತ್ತಾ ಕೂತೆ. ವಿಜ್ಞಾನಿಗಳು ದ್ರಾಕ್ಷಿಗಳ ಡಿಎನ್‌ಎ ನೋಡಿ ವಂಶಾವಳಿ ಕಟ್ಟಿದ್ದಾರೆ. ಸಣ್ಣ ಕಾಳಿನ ಬಿಳಿ ಮಸ್ಕಟ್‌ಗೂ ಗ್ರೀಸ್ ದ್ವೀಪಗಳ ಒಂದು ಕರಿ ದ್ರಾಕ್ಷಿಗೂ ಹುಟ್ಟಿದ್ದು ಮಸ್ಕಟ್ ಆಫ್ ಅಲೆಕ್ಸಾಂಡ್ರಿಯಾ. ಅದಕ್ಕೂ ಸ್ಕಿಯಾವ ಗ್ರೋಸಾ ಎಂಬ ಇನ್ನೊಂದಕ್ಕೂ ಹುಟ್ಟಿದ್ದು ಮಸ್ಕಟ್ ಹ್ಯಾಂಬರ್ಗ್. ಹೆಸರು ಜರ್ಮನ್ ಊರಿನದು, ಬೆಳೆಸಿ ಹೆಸರು ಮಾಡಿದ್ದು 19ನೇ ಶತಮಾನದ ಇಂಗ್ಲೆಂಡಿನ ಗಾಜಿನ ಮನೆಗಳಲ್ಲಿ. ಈಗ ಹೇಳುತ್ತೇನೆ ಕೇಳಿ. ನಮ್ಮ ದೇಶದ ದ್ರಾಕ್ಷಿ ಪುಸ್ತಕಗಳಲ್ಲಿ ಮಸ್ಕಟ್ ಹ್ಯಾಂಬರ್ಗ್‌ನ ಹೆಸರೇನು ಗೊತ್ತಾ? ಗುಲಾಬಿ! ತಮಿಳುನಾಡಿನವರು ಅದನ್ನೇ ಪನ್ನೀರ್ ದ್ರಾಕ್ಷಿ ಅನ್ನುತ್ತಾರೆ. ಚೀನಾದಲ್ಲಿ ಕೂಡ ಅದಕ್ಕೆ ಗುಲಾಬಿ ಪರಿಮಳ ಅನ್ನುವ ಅರ್ಥದ ಹೆಸರೇ ಇದೆ. ಒಬ್ಬರನ್ನೊಬ್ಬರು ನೋಡದ ಜನ ಒಂದೇ ಹೆಸರಿಟ್ಟಿದ್ದಾರೆ. ಅಜ್ಜ ಬೆಂಗಳೂರಿನಿಂದ ಕಡ್ಡಿ ತಂದು ಗುಲಾಬಿ ಅಂತ ಕರೆದಿದ್ದು ಸುಮ್ನೆ ಅಲ್ಲ. ಹಾಗೆ ನೋಡಿದರೆ ನಮ್ಮ ಬಾವಿ ಬಳ್ಳಿ ಈ ರದರ್‌ಗ್ಲೆನ್ ಮನೆತನದ ಮೊಮ್ಮಗಳು.

ಅವ್ವಾ, ಇದು ನಿನಗೆ. ಆ ವಾಸನೆ ಎಲ್ಲಿಂದ ಬರುತ್ತದೆ ಅಂತಲೂ ಓದಿದೆ. ಜೆರಾನಿಯಾಲ್ ಅನ್ನುವ ಎಣ್ಣೆಯ ಅಂಶ ಗುಲಾಬಿ ಹೂವಿನಲ್ಲೂ ಇದೆ, ಈ ಹಣ್ಣಿನಲ್ಲೂ ಇದೆ. ಇನ್ನೊಂದು ಲಿನಲೂಲ್. ಅದು ನೀನು ಮಸಾಲೆಗೆ ಹುರಿಯುವ ಕೊತ್ತಂಬರಿ ಬೀಜದ ಪರಿಮಳ! ಮಸ್ಕಟ್ ಎಂಬ ಹೆಸರೂ ಕಸ್ತೂರಿಯಿಂದಲೇ ಬಂದಿದ್ದು ಅನ್ನುವವರು ಜಾಸ್ತಿ. ಪರ್ಷಿಯನ್ ಭಾಷೆಯಲ್ಲಿ ಕಸ್ತೂರಿಗೆ ಮುಷ್ಕ್ ಅನ್ನುತ್ತಾರೆ. ಆ ಪದದ ಬೇರು ನಮ್ಮ ಸಂಸ್ಕೃತದಲ್ಲಿದೆ.

ರದರ್‌ಗ್ಲೆನ್‌ನಲ್ಲಿ ಈ ಹಣ್ಣಿನಿಂದ ಮಾಡುವುದು ವೈನ್. ಅವ್ವಾ, ಇದು ಹೆಂಡದ ಮಾತು ಅಂತ ಪತ್ರ ಮಡಿಸಿಡಬೇಡ. ಕೆಲಸ ನೋಡಿದರೆ ನಿನಗೂ ಗೌರವ ಹುಟ್ಟುತ್ತದೆ. ಸುಕ್ಕಾದ ಹಣ್ಣನ್ನು ಅರೆಯುತ್ತಾರೆ. ಹುಳಿ ಬರಲು ಶುರುವಾಗುವಷ್ಟರಲ್ಲಿ ದ್ರಾಕ್ಷಿಯದೇ ಸ್ಪಿರಿಟ್ ಬೆರೆಸಿ ಅದನ್ನು ನಿಲ್ಲಿಸುತ್ತಾರೆ. ಹಣ್ಣಿನ ಸಕ್ಕರೆ ಹಾಗೇ ಉಳಿಯುತ್ತದೆ. ಆಮೇಲೆ ಹಳೆಯ ಓಕ್ ಮರದ ಪೀಪಾಯಿಗಳಿಗೆ ತುಂಬಿ ತಗಡಿನ ಶೆಡ್‌ನಲ್ಲಿ ಇಡುತ್ತಾರೆ. ಬೇಸಿಗೆ ಬಿಸಿಲಿಗೆ ಮರದ ಮೂಲಕ ನೀರು ಆರುತ್ತಾ ಹೋಗುತ್ತದೆ, ಉಳಿದಿದ್ದು ಗಟ್ಟಿಯಾಗುತ್ತದೆ. ಪ್ರತಿ ವರ್ಷ ಹಳೆಯದಕ್ಕೆ ಸ್ವಲ್ಪ ಹೊಸದು ಸೇರಿಸುತ್ತಾರೆ. ಹಳೆಯದನ್ನು ಪೂರ್ತಿ ಬರಿದು ಮಾಡುವುದಿಲ್ಲ, ನೀನು ಮೊಸರಿಗೆ ಹೆಪ್ಪು ಉಳಿಸಿಕೊಳ್ಳುವ ಹಾಗೆ. ಸರಾಸರಿ 20 ವರ್ಷ ದಾಟಿದ್ದಕ್ಕೆ "ರೇರ್" ಅನ್ನುತ್ತಾರೆ. ಅದರಲ್ಲಿ ತಾತ ತುಂಬಿಟ್ಟ ಪಾಲೂ ಇರುತ್ತದೆ, ಮೊಮ್ಮಗ ಹಾಕಿದ್ದೂ ಇರುತ್ತದೆ. ನಾನು ಒಂದು ಚಮಚದಷ್ಟು ನಾಲಿಗೆಗೆ ಮುಟ್ಟಿಸಿ ನೋಡಿದೆ, ನಿಮ್ಮಿಬ್ಬರ ಹತ್ತಿರ ಮುಚ್ಚಿಡುವುದಿಲ್ಲ. ಮಣೂಕ, ಉತ್ತತ್ತಿ, ಕಾಕಂಬಿ ಮೂರೂ ಒಟ್ಟಿಗೆ ಕಾಯಿಸಿದ ಹಾಗಿತ್ತು. ಕೊನೆಯಲ್ಲಿ ಮತ್ತೆ ಆ ಗುಲಾಬಿ. ಇಲ್ಲಿಯವರು ಐಸ್‌ಕ್ರೀಮ್ ಮೇಲೂ ಸುರಿದುಕೊಳ್ಳುತ್ತಾರೆ.

ಆ ಊರಿನ ಕಥೆಯಲ್ಲಿ ನಿಮಗೆ ಹಿಡಿಸುವ ಭಾಗ ಬೇರೆ ಇದೆ, ಅಪ್ಪಾಜಿ. ಅಲ್ಲಿ 1860ರಲ್ಲಿ ಚಿನ್ನ ಸಿಕ್ಕಿತು, ಜನ ಮುಗಿಬಿದ್ದರು. ಅದಕ್ಕೂ ಮೊದಲೇ, 1851ರಲ್ಲಿ, ಲಿಂಡ್ಸೆ ಬ್ರೌನ್ ಎಂಬಾತ ಅಲ್ಲಿ ದ್ರಾಕ್ಷಿ ನೆಟ್ಟಿದ್ದ. ಚಿನ್ನ ಬೇಕಿದ್ದರೆ ಒಂದು ಮೊಳ ಅಗೆದು ಬಳ್ಳಿ ನೆಡಿ ಅನ್ನುತ್ತಿದ್ದನಂತೆ. ಗಣಿ ಮುಚ್ಚಿದವು, ಬಳ್ಳಿ ಉಳಿದವು. ಆದರೆ 1899ರಲ್ಲಿ ಫಿಲಾಕ್ಸೆರಾ ಬಂತು. ಬೇರಿಗೆ ಅಂಟಿ ರಸ ಹೀರುವ ಸಣ್ಣ ಹೇನು ಅದು. ತೋಟಕ್ಕೆ ತೋಟವೇ ಒಣಗಿತು. ಕೊನೆಗೆ ಕೈ ಹಿಡಿದಿದ್ದು ಅಮೆರಿಕದ ಕಾಡು ದ್ರಾಕ್ಷಿಯ ಬೇರು. ಅದರ ಮೇಲೆ ಮಸ್ಕಟ್ ಕಸಿ ಕಟ್ಟಿ ಮತ್ತೆ ನೆಟ್ಟರು. ನೀವು ಉಪ್ಪುನೀರು, ಬರ ಅಂತ ಡಾಗ್‌ರಿಜ್ ಮೇಲೆ ಕಸಿ ಕಟ್ಟುತ್ತೀರಲ್ಲ, ಅದೂ ಟೆಕ್ಸಾಸ್ ಕಡೆಯ ಕಾಡು ಬೇರೇ. ನಮ್ಮಪ್ಪಾಜಿಯೂ ಇದೇ ಕೆಲಸ ಮಾಡುತ್ತಾರೆ ಅಂತ ತೋಟದವರಿಗೆ ಹೇಳಿದೆ. ಅವರು ನಿಮ್ಮ ಮಣ್ಣು, ನೀರು, ಬಳ್ಳಿ ಸವರುವ ಚಾಟ್ನಿ ಎಲ್ಲ ಕೇಳಿದರು. ವರ್ಷಕ್ಕೆ ಎರಡು ಸಲ ಚಾಟ್ನಿ ಅಂದಾಗ ನಂಬಲೇ ಇಲ್ಲ. ಅಲ್ಲಿ ಚಳಿಗೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ, ಒಂದೇ ಚಾಟ್ನಿ.

ಬೀಜ ಇದ್ದರೆ ಯಾರೂ ಕೇಳುವುದಿಲ್ಲ ಅಂದಿರಲ್ಲ. ಸ್ಪೇನಿನ ಮಲಗಾದಲ್ಲಿ ಮಸ್ಕಟ್ ಆಫ್ ಅಲೆಕ್ಸಾಂಡ್ರಿಯಾದಿಂದ ಮಣೂಕ ಮಾಡುತ್ತಾರೆ, ಬೀಜ ಸಮೇತ. ಅದಕ್ಕೆ ದೊಡ್ಡ ಹೆಸರಿದೆ. ಫ್ರಾನ್ಸಿನ ವೆಂಟು ಬೆಟ್ಟದ ಸುತ್ತ ನಮ್ಮ ಗುಲಾಬಿಯನ್ನೇ ತಿನ್ನುವ ಹಣ್ಣಾಗಿ ಬೆಳೆಯುತ್ತಾರೆ, 1997ರಿಂದ ಅದಕ್ಕೆ ಊರಿನ ಹೆಸರಿನ ಸರ್ಕಾರಿ ಮುದ್ರೆ ಇದೆ. ಅಷ್ಟು ದೂರ ಯಾಕೆ, ತೇಣಿ ಜಿಲ್ಲೆಯ ಕಂಬಂ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಜಿಐ, ಅಂದರೆ ಅಂಥದ್ದೇ ಊರಿನ ಹೆಸರಿನ ಮುದ್ರೆ, ಸಿಕ್ಕಿದೆ. ಎಕರೆಗಟ್ಟಲೆ ಹಾಕಿ ಅಂತ ನಾನು ಹೇಳುತ್ತಿಲ್ಲ. ಸಿಪ್ಪೆ ತೆಳು, ಕಾಳು ಒಂದೇ ಸಮ ಹಣ್ಣಾಗುವುದಿಲ್ಲ, ನಿಮ್ಮ ಕಷ್ಟ ನನಗೆ ಗೊತ್ತು. ಆದರೆ ಕೆಲಸಕ್ಕೆ ಬಾರದ ಬಳ್ಳಿ ಅಂತ ಮಾತ್ರ ಅನ್ನಬೇಡಿ.

ಶೆಡ್ ಅಲ್ಲೇ ಬರಬೇಕು ಅಂದರೆ ಒಂದು ಕೆಲಸ ಮಾಡಿ. ಬಳ್ಳಿ ಮಳೆಗಾಲ ಮುಗಿಯುವವರೆಗೆ ಇರಲಿ. ಈಗಲೇ ಬದುವಿನ ಹತ್ತಿರ ಎರಡು ಡಾಗ್‌ರಿಜ್ ಗಿಡ ನೆಟ್ಟುಬಿಡಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ತೋಟಕ್ಕೆ ಕಸಿ ಕಟ್ಟುವವರು ಬಂದಾಗ, ಗುಲಾಬಿಯ ಬಲಿತ ಕಡ್ಡಿ ನಾಲ್ಕು ತೆಗೆದು ಅವುಗಳ ಮೇಲೆ ಕಟ್ಟಿಸಿ. ಎರಡು ಹಿಡಿದರೂ ಸಾಕು. ಯಾವ ಕಡ್ಡಿ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಖರ್ಚು ನಾನು ಕಳಿಸುತ್ತೇನೆ, ಬೇಡ ಅನ್ನಬೇಡಿ.

ಅವ್ವಾ, ಈ ವರ್ಷದ ಹಣ್ಣು ಏನಾದರೂ ಉಳಿದಿದ್ದರೆ ಒಂದು ಹಿಡಿ ಬೀಜ ಸಮೇತ ನೆರಳಲ್ಲಿ ಒಣಗಿಸಿ ಡಬ್ಬಿಯಲ್ಲಿಡು. ಬೇಗ ಒಣಗಲಿ ಅಂತ ಅದ್ದುವ ಡಿಪ್ಪಿಂಗ್ ಎಣ್ಣೆ ಮುಟ್ಟಿಸಬೇಡ. ಡಿಸೆಂಬರ್‌ನಲ್ಲಿ ರಜೆ ಸಿಕ್ಕಿದೆ, ಟಿಕೆಟ್ ತೆಗೆಸಿದ್ದೇನೆ. ಬಂದ ದಿನ ಮೊದಲು ಅದನ್ನೇ ತಿನ್ನುತ್ತೇನೆ.

ಬಳ್ಳಿಯ ಎಲೆ ಮುಂದೆ ಹಿಂದೆ ಎರಡೂ ಕಾಣುವ ಹಾಗೆ ಒಂದು ಫೋಟೋ ತೆಗೆದು ಕಳಿಸಿ, ಅಪ್ಪಾಜಿ. ಇಲ್ಲಿಯ ತೋಟದವರು ನೋಡಬೇಕು ಅಂದಿದ್ದಾರೆ.

ನಿಮ್ಮ ಪ್ರೀತಿಯ ಮಗಳು