ಮಗಳಿಗೊಂದು ಪತ್ರ: ತೇಪೆ ಹಾಕಿದ ಕೊಡೆ

ಚಿರಂಜೀವಿ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಉಭಯಕುಶಲೋಪರಿ ಸಾಂಪ್ರತ ಎಂದು ಶುರು ಮಾಡುವುದು ನನ್ನ ರೂಢಿ. ಈ ಸಲ ಕುಶಲದ ಮಾತು ಆಮೇಲೆ. ಮೊದಲು ವಿಷಯ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅಡಿಕೆ, ಮಂಗ, ದನ ಎಂದು ನಾಲ್ಕು ಹಾಳೆ ತುಂಬಿಸಿ ಅದೊಂದನ್ನೇ ಬಿಟ್ಟುಬಿಡುವ ಜಾತಿ ನನ್ನದು. ಹೋದ ತಿಂಗಳು ಒಂದು ರಾತ್ರಿ ನಿನ್ನ ಇನ್ನೊಂದು ಇನ್‌ಸ್ಟಾಗ್ರಾಂ ಖಾತೆಗೆ ಫಾಲೋ ಕೋರಿಕೆ ಕಳಿಸಿದವನು ನಾನು. ಬೇರೆ ಯಾರೂ ಅಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಆ ಖಾತೆಯೇ ಇರಲಿಲ್ಲ. ಅಂದಿನಿಂದ ನೀನು ಮೂರು ಭಾನುವಾರ ಫೋನು ಮಾಡಿದ್ದೀಯ. ಮೂರು ಸಲವೂ ಅಮ್ಮನ ಹತ್ತಿರ ಮಾತಾಡಿ, ಅಪ್ಪ ಮಲಗಿದ್ದರೆ ಎಬ್ಬಿಸಬೇಡ ಎಂದೆಯಂತೆ. ಸಂಜೆ ಆರು ಗಂಟೆಗೆ ಯಾವ ಅಪ್ಪ ಮಲಗುತ್ತಾನೆ?

ನಡೆದದ್ದು ಇಷ್ಟು. ಹೊಸ ಫೋನು ತಂದೆನಲ್ಲ, ಯಕ್ಷಗಾನದ ತುಣುಕುಗಳು ಇನ್‌ಸ್ಟಾಗ್ರಾಂನಲ್ಲಿ ಚೆನ್ನಾಗಿ ಬರುತ್ತವೆ ಎಂದು ಯಾರೋ ಹೇಳಿದರು. ಹೆಸರು ಕೇಳಿದ ಕಡೆ ಏನು ಹಾಕುವುದೋ ತಿಳಿಯದೆ ನಮ್ಮ ಪಿನ್‌ಕೋಡ್ ಹಾಕಿದೆ. ಫೋನಿನಲ್ಲಿರುವ ನಂಬರುಗಳನ್ನು ನೋಡಲೇ ಎಂದು ಅದು ಕೇಳಿತು. ನೋಡು, ನನ್ನದೇನು ಗಂಟು ಹೋಗುತ್ತದೆ ಎಂದುಕೊಂಡು ಹೂಂ ಎಂದೆ. ಆ ಖಾತೆಯನ್ನೂ ನೀನು ನಿನ್ನ ಮಾಮೂಲಿ ನಂಬರಿನಲ್ಲೇ ತೆರೆದಿದ್ದೆ ಎಂದು ಕಾಣುತ್ತದೆ. ಮಾರನೆಯ ರಾತ್ರಿ 'ನಿಮಗೆ ಪರಿಚಯವಿರಬಹುದು' ಎಂಬ ಸಾಲಿನಲ್ಲಿ, ನಮ್ಮ ಸೊಸೈಟಿ ಗುಮಾಸ್ತರ ಪಕ್ಕದಲ್ಲೇ, ಒಂದು ಕೊಡೆಯ ಚಿತ್ರ ಬಂತು.

ಹೆಸರು ನಿನ್ನದಲ್ಲ, ಯಾವುದೋ ಹೂವಿನದು. ಮುಖವೂ ಇಲ್ಲ. ಕರಿ ಕೊಡೆಯ ಕೆಳಗೆ ಇಬ್ಬರು ಹುಡುಗಿಯರ ಬೆನ್ನು, ಎದುರಿಗೆ ಮಳೆ. ಕೊಡೆಯ ಬಲ ಮಡಿಕೆಯಲ್ಲಿ ಕಂದು ಬಣ್ಣದ ತೇಪೆ. ಪುಟ್ಟಿ, ಆ ತೇಪೆ ಹೊಲಿದವನು ನಾನು. ನನ್ನ ಹಳೆಯ ಖಾಕಿ ಪ್ಯಾಂಟಿನ ಜೇಬು ಕತ್ತರಿಸಿ, ಮೂಟೆ ಹೊಲಿಯುವ ದಾರದಲ್ಲಿ ಹೊಲಿದದ್ದು. ಮೂರನೆಯ ಹೊಲಿಗೆ ಸೊಟ್ಟಗೆ ಹೋಗಿರುವುದು ಚಿತ್ರದಲ್ಲೂ ಕಾಣುತ್ತಿತ್ತು. ಕೆಳಗೆ ಸಲಿಂಗಪ್ರೇಮಿಗಳ ಗುರುತಾದ ಕಾಮನಬಿಲ್ಲಿನ ಒಂದು ಪುಟ್ಟ ಬಾವುಟ, ಅದರ ಪಕ್ಕ ಎರಡು ಅಕ್ಷರ. ಒಂದು ನಿನ್ನದು. ಇನ್ನೊಂದು ಆಷಾಢದಲ್ಲಿ ನಮ್ಮ ಮನೆಗೆ ಬಂದು ಒಂಬತ್ತು ಕಡುಬು ತಿಂದು ಅಮ್ಮನ ಮನಸ್ಸು ಗೆದ್ದು ಹೋದವಳದು. ಸರಿಯಾಗಿ ನೋಡೋಣವೆಂದು ಚಿತ್ರ ಹಿಗ್ಗಿಸಲು ಹೋದೆ. ಚೊಗರು ಮೆತ್ತಿದ ಹೆಬ್ಬೆರಳು ಜಾರಿ ನೀಲಿ ಗುಂಡಿಯ ಮೇಲೆ ಬಿತ್ತು.

ಆಮೇಲೆ ನಿನ್ನ ಕಡೆಯಿಂದ ಯೋಚಿಸಿದೆ. ಮುಖವಿಲ್ಲದ, ಹೆಸರಿಲ್ಲದ ಒಂದು ಖಾತೆ; ಬರೀ 577432. ಅರ್ಧ ತಾಲ್ಲೂಕೇ ರಾತ್ರೋರಾತ್ರಿ ಬಾಗಿಲು ಬಡಿದಂತಾಗಿರಬೇಕು ನಿನಗೆ. ಅದಕ್ಕೇ ಈ ಕಾಗದ. ಬಡಿದದ್ದು ತಾಲ್ಲೂಕಲ್ಲ, ನಾನೊಬ್ಬನೇ.

ಮುಖ ಮುಚ್ಚಿದರೆ ಸಾಲದು ಎಂದು ನಿನಗೆ ಪಾಠ ಹೇಳುವ ಯೋಗ್ಯತೆ ನನಗಿಲ್ಲ. ಆದರೂ ಮೂವತ್ತೊಂದು ವರ್ಷ ಅಂಚೆ ಹಂಚಿದವನ ಕಣ್ಣು ಅಲ್ಲಿಗೇ ಹೋಗುತ್ತದೆ. ಹೆಸರು ಹಾಕದೆ ಬರೆದ ಪತ್ರಕ್ಕೂ ಊರಿನ ಮುದ್ರೆ ಬಿದ್ದಿರುತ್ತಿತ್ತು. ಮುದ್ರೆ ಮಾಸಿದ್ದರೆ ಕೈಬರಹವಿರುತ್ತಿತ್ತು. ಕಾರ್ಡು ಓದದ ಪೋಸ್ಟ್‌ಮಾಸ್ತರ ಈ ಮಲೆನಾಡಿನಲ್ಲಿ ಹುಟ್ಟಿಲ್ಲ, ನಾನೂ ಓದಿದ್ದೇನೆ. ಆದರೆ ಅಂಟಿಸಿದ ಲಕೋಟೆಯನ್ನು ಒಂದು ದಿನವೂ ಒಡೆದಿಲ್ಲ. 1898ರ ಅಂಚೆ ಕಾಯ್ದೆಯಲ್ಲಿ ಅದು ಅಪರಾಧ ಎಂಬ ಭಯ ಮೊದಮೊದಲು, ಆಮೇಲೆ ಅಭ್ಯಾಸ. ಅಂಥವನು ಸ್ವಂತ ಮಗಳ ಲಕೋಟೆ ಒಡೆದೆ, ಅದೂ ಹೆಬ್ಬೆರಳಿನಲ್ಲಿ.

ಆ ಯಂತ್ರಕ್ಕೂ ಸ್ವಲ್ಪ ಬೈಯಬೇಕು. ಅಮೆರಿಕದಲ್ಲಿ ನಡೆದದ್ದೊಂದನ್ನು ಓದಿದೆ. 2011ರಲ್ಲಿ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಅಪ್ಪಂದಿರಿಗೆ ಏನೂ ಕಾಣಬಾರದೆಂದು ತಮ್ಮ ಫೇಸ್‌ಬುಕ್ಕಿಗೆ ಅಗುಳಿ ಹಾಕಿಟ್ಟಿದ್ದರಂತೆ. ತಮ್ಮಂಥವರದೇ ಒಂದು ಗಾಯನ ತಂಡಕ್ಕೆ ಸೇರಿದರು. ತಂಡದ ಮುಖ್ಯಸ್ಥ ಇಬ್ಬರನ್ನೂ ಫೇಸ್‌ಬುಕ್ ಗುಂಪಿಗೆ ಸೇರಿಸಿದ. ಫೇಸ್‌ಬುಕ್ ತಾನೇ ಹೋಗಿ ಅವರ ಗೆಳೆಯರ ಪಟ್ಟಿಗೆಲ್ಲ ಡಂಗುರ ಹೊಡೆಯಿತು. ಪಟ್ಟಿಯಲ್ಲಿ ಅಪ್ಪಂದಿರೂ ಇದ್ದರು. ಆ ಇಬ್ಬರಲ್ಲಿ ಒಬ್ಬಳು ಹುಡುಗಿ, ಅವಳ ಅಪ್ಪ ಅಂದೇ ರಾತ್ರಿ ಫೋನಿನಲ್ಲಿ ಹಾರಾಡಿದನಂತೆ. ಓದುತ್ತಾ ಓದುತ್ತಾ ಆ ಅಪ್ಪನ ಮೇಲೆ ಸಿಟ್ಟು ಬಂತು. ಆಮೇಲೆ 2018ರ ಒಂದು ಬೆಳಗು ನೆನಪಾಗಿ, ಸಿಟ್ಟು ಎಲ್ಲಿ ಇಡುವುದೋ ತಿಳಿಯಲಿಲ್ಲ.

ನೀನು ಮರೆತಿರಲಾರೆ. ಆಗ ನೀನು ಹತ್ತನೇ ಕ್ಲಾಸು. ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು, ಒಂದೇ ಲಿಂಗದ ವಯಸ್ಕರಿಬ್ಬರು ಒಪ್ಪಿ ಕೂಡುವುದನ್ನು ಅಪರಾಧವೆನ್ನುವ ಬ್ರಿಟಿಷರ ಕಾಲದ 377ನೇ ಕಲಮನ್ನು ಅಷ್ಟರಮಟ್ಟಿಗೆ ರದ್ದು ಮಾಡಿದ್ದರು. ಮರುದಿನ ಮೊದಲ ಬಸ್ಸಿಗೆ ಪತ್ರಿಕೆಯ ಕಟ್ಟು ಬಂತು. ಜಗಲಿಯ ಮೇಲೆ ಐದಾರು ಜನ. ಯಾರು ಏನೆಂದರು ಎಂದು ಇಲ್ಲಿ ಬರೆಯುವುದಿಲ್ಲ, ಹೊಲಸು ಮಾತು. ಹೇಳಿದವನು ನಾನಲ್ಲ. ಆದರೆ ನಕ್ಕವರಲ್ಲಿ ನಾನಿದ್ದೆ, ಎಲ್ಲರಿಗಿಂತ ಜೋರಾಗಿ. ನೀನು ಒಳಗೆ ತೂಕದ ಮೇಜಿನ ಹತ್ತಿರ ಕೂತು ಭೂಪಟಕ್ಕೆಂದು ಪೆನ್ಸಿಲ್ ಚೂಪು ಮಾಡುತ್ತಿದ್ದೆ. ಚೂಪಾದ ಮೇಲೂ ಮಾಡುತ್ತಲೇ ಇದ್ದೆ. ನೀನು ಸ್ಕೂಲಿಗೆ ಹೋದ ಮೇಲೆ ನೋಡಿದರೆ ಮೇಜಿನ ಮೇಲೆ ಬೆರಳುದ್ದದ ಮೋಟು ಪೆನ್ಸಿಲ್ಲು, ಪಕ್ಕದಲ್ಲಿ ಸಿಪ್ಪೆಯ ರಾಶಿ. ಹೊಸ ಪೆನ್ಸಿಲ್ ಹಾಳು ಮಾಡಿದೆಯೆಂದು ಸಂಜೆ ಬೈದೆ ಬೇರೆ.

ಹದಿನೈದರ ಹುಡುಗಿ ಅಂದು ಬೆಳಿಗ್ಗೆ ಅಪ್ಪನ ಹೆಸರನ್ನು ಯಾವ ಪಟ್ಟಿಗೆ ಬರೆದುಕೊಂಡಿರಬಹುದೆಂದು ನನಗೆ ಈಗ ಗೊತ್ತಾಗುತ್ತಿದೆ.

ಅದರ ಹಿಂದಿನ ವರ್ಷ, 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದಿದ್ದರು. ನಾನು ಅದನ್ನು ಆಧಾರ್ ಕಾರ್ಡಿನ ವಿಚಾರ ಎಂದಷ್ಟೇ ಓದಿ ಮಡಿಸಿಟ್ಟಿದ್ದೆ. ಮನುಷ್ಯನ ಲೈಂಗಿಕ ಒಲವೂ ಆ ಖಾಸಗಿತನದ ತಿರುಳಿಗೆ ಸೇರಿದ್ದು ಎಂದು ಅದೇ ತೀರ್ಪಿನಲ್ಲಿದೆಯೆಂದು ಮೊನ್ನೆ ತಿಳಿಯಿತು. ಮದರಾಸು ಹೈಕೋರ್ಟಿನ ಸಂಗತಿ ಇನ್ನೂ ಚೆನ್ನಾಗಿದೆ. 2021ರಲ್ಲಿ ಇಬ್ಬರು ಹೆಣ್ಣುಮಕ್ಕಳ ಪ್ರಕರಣ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರ ಮುಂದೆ ಬಂದಾಗ, ಈ ವಿಷಯ ನನಗೇ ಸರಿಯಾಗಿ ತಿಳಿದಿಲ್ಲ ಎಂದು ಅವರು ಮನೋವಿಜ್ಞಾನಿಯ ಬಳಿ ಕೂತು ಕಲಿತು, ಆಮೇಲೆ ಆದೇಶ ಬರೆದರಂತೆ. ಅಂಥವರಿಗೇ ಕಲಿಯುವುದಿತ್ತು ಎಂದಾದರೆ ನನ್ನದೇನು ದೊಡ್ಡ ಅವಮಾನ? ಮುಂದೆಂದಾದರೂ ನಮ್ಮವರಲ್ಲಿ ಯಾರಾದರೂ ಡಾಕ್ಟರಿಗೆ ತೋರಿಸಿ ಎಂದರೆ ಉತ್ತರವನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೇನೆ. ಹೀಗಿರುವವರನ್ನು ಬದಲಾಯಿಸುತ್ತೇವೆ ಎನ್ನುವ ಚಿಕಿತ್ಸೆ ವೃತ್ತಿ ದುರ್ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ.

ಅಮ್ಮನಿಗೆ ನಾನು ಹೇಳಿಲ್ಲ. ಹೇಳಬೇಕೆಂದು ಎರಡು ಸಲ ಬಾಯಿಯವರೆಗೆ ಬಂತು. ಅಡಿಕೆ ಸುಲಿಯುವ ರಾತ್ರಿಗಳು ನಿನಗೆ ಗೊತ್ತಲ್ಲ, ಮೆಟ್ಟುಗತ್ತಿಯ ಮುಂದೆ ಕೂತವರ ಬಾಯಿಯಲ್ಲಿ ಯಾವ ಮಾತೂ ನಿಲ್ಲುವುದಿಲ್ಲ. ಈ ಅಂಗಳದಲ್ಲಿ ರಾತ್ರಿ ಹತ್ತಕ್ಕೆ ಆಡಿದ್ದು ಬೆಳಿಗ್ಗೆ ಹಾಲಿನ ಡೇರಿಯಲ್ಲಿರುತ್ತದೆ. ಅಮ್ಮ ಬಿಟ್ಟುಕೊಡುವವಳಲ್ಲ, ನಿಜ. ಆದರೆ ಅವಳಿಗೆ ಹೇಳುವ ಮಾತು ನಿನ್ನದು. ನಾನು ಹೇಳಿದರೆ ನಿನ್ನ ಬಾಯಿಂದ ಅವಳು ಮೊದಲ ಸಲ ಕೇಳುವುದು ಇಲ್ಲವಾಗುತ್ತದೆ. ನನ್ನ ಮಟ್ಟಿಗಂತೂ ಅದು ಆಗಲೇ ತಪ್ಪಿಹೋಗಿದೆ. ಅದೊಂದು ಬೇಸರ ಇದೆ, ಇಲ್ಲವೆಂದರೆ ಸುಳ್ಳಾಗುತ್ತದೆ.

ಸುಳ್ಳು ಎಂದಾಗ ನೆನಪಾಯಿತು. ಕೊಪ್ಪದ ಕಡೆಯಿಂದ ಒಂದು ಜಾತಕ ಬಂದಿತ್ತು. ಗಣ ಕೂಡುವುದಿಲ್ಲ ಎಂದು ನಾನೇ ಕಾರ್ಡು ಬರೆದು ಹಾಕಿದೆ. ಐವತ್ತು ಪೈಸೆಯಲ್ಲಿ ಮುಗಿಯಿತು. ಸಲಿಂಗಿಗಳ ಮದುವೆಗೆ ಮಾನ್ಯತೆ ಕೊಡುವುದು ಶಾಸನಸಭೆಯ ಕೆಲಸ ಎಂದು ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ಕೈಬಿಟ್ಟಿತಲ್ಲ. ಅವರು ಯಾವಾಗ ಕೂರುತ್ತಾರೋ, ಏನು ಮಾಡುತ್ತಾರೋ. ಅಲ್ಲಿಯವರೆಗೆ ನನ್ನ ಹತ್ತಿರ ಕಾರ್ಡುಗಳಿಗೆ ಬರವಿಲ್ಲ.

ನಿನ್ನ ವಾಟ್ಸ್ಆ್ಯಪ್ ಸ್ಟೇಟಸ್ ಪಕ್ಕದ ಮನೆ ಹುಡುಗಿಗೆ ಕಾಣುತ್ತದೆ, ನನಗೆ ಕಾಣುವುದಿಲ್ಲ ಎಂದು ಎರಡು ವರ್ಷದಿಂದ ಒಳಗೊಳಗೇ ಮುನಿಸಿಕೊಂಡಿದ್ದೆ. 'ಇವರನ್ನು ಬಿಟ್ಟು' ಎಂಬ ಸೌಕರ್ಯ ಇದೆಯೆಂದು ಈಗ ಗೊತ್ತಾಯಿತು. ನೆಂಟರಿಗೆ ಗಣಪತಿ ಹಬ್ಬದ ಫೋಟೋ, ಆಫೀಸಿನವರಿಗೆ ಇನ್ನೊಂದು, ಇನ್‌ಸ್ಟಾಗ್ರಾಂನಲ್ಲಿ ಹಸಿರು ಬಳೆಯೊಳಗಿನ ಆಪ್ತರಿಗೆ ಮತ್ತೊಂದು. ಮೊದಲು ಇದು ಮರೆಮಾಚುವುದು ಎನಿಸಿತು. ಆಮೇಲೆ ಯೋಚಿಸಿದರೆ ನಾನು ಜೀವಮಾನವಿಡೀ ಮಾಡಿದ್ದು ವಿಂಗಡಣೆಯನ್ನೇ. ಎಲ್ಲ ಪತ್ರವನ್ನೂ ಒಂದೇ ಮನೆಗೆ ಹಾಕಿದರೆ ಅದು ಪ್ರಾಮಾಣಿಕತೆಯಲ್ಲ, ಸಸ್ಪೆನ್ಶನ್ನಿಗೆ ದಾರಿ. ಎಲ್ಲರೂ ಬೀದಿಯಲ್ಲಿ ನಿಂತು ಕೂಗಿ ಹೇಳಿಕೊಳ್ಳಬೇಕು, ಆಗಲೇ ಧೈರ್ಯ ಎಂದು ಬರೆಯುವವರಿದ್ದಾರೆ. ಬೆಂಗಳೂರಿನ ಮೆರವಣಿಗೆಯಲ್ಲಿ ನಡೆಯುವವರ ಬಗ್ಗೆ ನನಗೆ ಗೌರವವಿದೆ. ನಿನಗೂ ಒಂದು ದಿನ ನಡೆಯಬೇಕೆನಿಸಿದರೆ ನಡೆ. ಆದರೆ ಸಂಬಳ, ಬಾಡಿಗೆ ಮನೆ, ಅವಳ ಮನೆಯವರ ಸ್ವಭಾವ, ಇವೆಲ್ಲ ಲೆಕ್ಕ ಹಾಕಿ ಸುಮ್ಮನಿರುವವಳನ್ನು ಪುಕ್ಕಲಿ ಎನ್ನುವ ಅಧಿಕಾರ ಯಾರಿಗೂ ಇಲ್ಲ.

ಮನೆಯ ಕಡೆಯಿಂದಲೂ ಒಂದು ಸಡಿಲ ಇತ್ತು. ಅಮ್ಮ ನಿಮ್ಮಿಬ್ಬರ ಕಡುಬಿನ ಫೋಟೋವನ್ನು ಅಂದೇ ಸ್ಟೇಟಸ್‌ಗೆ ಹಾಕಿದ್ದಳು. ಹಿಂದೆ ಅದೇ ಕೊಡೆ ಗೂಟಕ್ಕೆ ನೇತಾಡುತ್ತಿತ್ತು. ಎರಡನ್ನೂ ನೋಡಿದ ಯಾರಾದರೂ ಒಂದಕ್ಕೊಂದು ಕೂಡಿಸಬಹುದಿತ್ತು. ಸ್ಟೇಟಸ್ ಒಂದು ದಿನಕ್ಕೆ ಅಳಿಯುತ್ತದೆ, ಯಾರೂ ತೆಗೆದಿಟ್ಟುಕೊಂಡಿರಲಿಕ್ಕಿಲ್ಲ. ಇನ್ನು ಮುಂದೆ ಮಕ್ಕಳ ಫೋಟೋ ಕೇಳದೆ ಹಾಕಬೇಡ ಎಂದೆ. ನಿಮಗೇನು ಬಂತು ಎಂದು ಸಿಡುಕಿದಳು. ದೃಷ್ಟಿಯಾಗುತ್ತದೆ ಎಂದೆ. ಒಪ್ಪಿದಳು.

ಮತ್ತೆ ಖಾತೆ ತೆರೆಯುವೆಯಾದರೆ ಬೇರೆ ನಂಬರಿನಲ್ಲಿ ತೆರೆ, ನಂಬರುಗಳ ಪಟ್ಟಿಯನ್ನು ಅದಕ್ಕೆ ಒಪ್ಪಿಸಬೇಡ. ನನ್ನ ಫೋನಿನಲ್ಲಿ ಆ ಅನುಮತಿಯನ್ನು ತೆಗೆದಿದ್ದೇನೆ. ಯಾರಿಗೂ ತೋರಿಸದೆ ನಾನೇ ಹುಡುಕಿ ತೆಗೆದೆ, ಒಂದು ಇಡೀ ಮಧ್ಯಾಹ್ನ ಹಿಡಿಯಿತು. ನನ್ನನ್ನು ಸೇರಿಸು ಎಂದು ಕೇಳುವುದಿಲ್ಲ. ಈ ಕಾಗದಕ್ಕೆ ಉತ್ತರ ಬರೆಯಲೇಬೇಕೆಂದೂ ಇಲ್ಲ. ಭಾನುವಾರ ಫೋನು ಮಾಡಿದಾಗ ಅಪ್ಪನಿಗೆ ಕೊಡು ಎಂದರೆ ಸಾಕು, ಅಡಿಕೆ ರೇಟಿನ ಬಗ್ಗೆ ಮಾತಾಡೋಣ.

ಕಾಗದವನ್ನು ಸ್ಪೀಡ್ ಪೋಸ್ಟಿನಲ್ಲಿ ನೋಂದಣಿ ಮಾಡಿ ಕಳಿಸುತ್ತಿದ್ದೇನೆ. ರಿಜಿಸ್ಟರ್ಡ್ ಅಂಚೆ ಎಂಬುದು 2025ರಲ್ಲಿ ಅದರೊಳಗೇ ಸೇರಿಹೋಗಿದೆ; ನನ್ನಂಥ ಹಳಬರಿಗೆ ಮನೆಯಲ್ಲೊಂದು ಸಾವಾದ ಹಾಗೆ. ಹೆಸರಿದ್ದವರ ಕೈಗೇ ಕೊಡಬೇಕೆಂಬ ನಿಯಮ ಮಾತ್ರ ಉಳಿಸಿದ್ದಾರೆ. ನಿನ್ನ ಪಿ.ಜಿ.ಯ ಯಜಮಾನಿ ಸಹಿ ಮಾಡಿ ತೆಗೆದುಕೊಂಡರೆ ನನಗೆ ತಿಳಿಸು, ದೂರು ಬರೆಯುತ್ತೇನೆ.

ಇನ್ನು ಕುಶಲದ ಮಾತು. ಮೊದಲ ಕೊಯ್ಲು ಮುಗಿಯಿತು, ಎಲೆಚುಕ್ಕಿಯಿಂದ ಈ ಸಲವೂ ಕೆಳಗಿನ ತೋಟ ಸೊರಗಿದೆ. ಕೆಂದ ಹಸು ಗಬ್ಬವಾಗಿದೆ. ಎಳ್ಳಮಾವಾಸ್ಯೆ ಜಾತ್ರೆಗೆ ಬರುವೆಯಾದರೆ ಅವಳನ್ನೂ ಕರೆದುಕೊಂಡು ಬಾ ಎಂದು ಅಮ್ಮ ಹೇಳಿದ್ದಾಳೆ. ಗಮನಿಸು, ಹೇಳಿದ್ದು ಅಮ್ಮ, ನಾನಲ್ಲ.

ಕೊಡೆಯ ಆ ಖಾಕಿ ತೇಪೆಯನ್ನು ಬಿಚ್ಚಿದ್ದೇನೆ. ತೀರ್ಥಹಳ್ಳಿಯಿಂದ ಕರಿ ಬಟ್ಟೆ ತಂದು ಒಳಗಡೆಯಿಂದ ಸಣ್ಣ ಹೊಲಿಗೆ ಹಾಕಿದೆ. ಈಗ ಅದು ಊರಿನ ಎಲ್ಲರ ಕೊಡೆಯ ಹಾಗೆಯೇ ಇದೆ.

ಇಂತಿ,
ನಿನ್ನ ಅಪ್ಪ